ಫಲಾಗಮದ ತರುವಾಯ

ನಾಟಕವು ಯಾವುದೇ ಆಗಲಿ, ಅದರ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳುಂಟೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ಫಲವು ಕೈಗೂಡಿದ ಮೇಲೆ ಭರತವಾಕ್ಯ; ಭರತವಾಕ್ಯವಾದ ಮೇಲೆ ಪಾತ್ರಗಳೆಲ್ಲವೂ ನಿಷ್ಕ್ರಾಂತವಾಗುವುವು. ೩೪ ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನಮ್ಮನ್ನು, ನಿಷ್ಕ್ರಾಂತನಾದ ನಾಯಕನು ಒಳಗೆ ಹೋಗಿ ಏನು ಮಾಡುವನೆಂದು ಯಾವ ವಿದ್ಯಾರ್ಥಿಯೂ ಕೇಳಿದುದಿಲ್ಲ. ಕೇಳಿದ್ದರೆ, ವೇಷವನ್ನು ಕಳಚಿ ಮುಖ ತೊಳೆದುಕೊಳ್ಳುವನೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಈ ವಿಷಯದಲ್ಲಿ ಭಗವಾನ್ ವ್ಯಾಸರ ದಾರಿಯೇ ಬೇರೆ. ಕುರುಕ್ಷೇತ್ರದ ಕೊಲೆಯೆಲ್ಲವೂ ಹತ್ತನೆಯದಾದ ಸೌಪ್ತಿಕಪರ್ವಕ್ಕೆ ಮುಗಿದುಹೋಗುವುದು; ಗ್ರಂಥವಾದರೋ ಇನ್ನೂ ಎಂಟು ಪರ್ವಗಳಷ್ಟು ಉಳಿದಿರುವುದು. ಆ ಎಂಟರಲ್ಲಿ ಒಂದಾದ ಶಾಂತಿಪರ್ವವು ಹದಿನೆಂಟರಲ್ಲಿಯೂ ಅತಿ ದೀರ್ಘವಾದುದು. ಗೆದ್ದ ಅರಸನು, ನಾನಿನ್ನು ಮಾಡತಕ್ಕದ್ದೇನು ಎಂದು ಶರಶಯ್ಯೆಯಲ್ಲಿ ಮಲಗಿದ ಪಿತಾಮಹನನ್ನು ಕೇಳುತ್ತ ಕುಳಿತಿರುವುದೇ ಅದರ ವಸ್ತು.

ಇಷ್ಟು ಪೀಠಿಕೆ ಏತಕ್ಕೆಂದರೆ, ಈಗ ಕೆಲವು ಕಾಲದಿಂದ ನಾವು ಪರಿಚಯ ಮಾಡಿಕೊಂಡಿರುವ ಒಂದು ವಿನೋದದಲ್ಲಿ ನಾಯಕನು ನಿಷ್ಕ್ರಾಂತನಾಗುವುದೇ ಇಲ್ಲ. ಫಲವು ದೊರೆತ ಮೇಲೂ ಆತನು ರಂಗದ ಮೇಲೆಯೇ ನಿಂತಿರುವನು. ಪರದೆಯನ್ನು ಎಳೆಯುವವರಿಲ್ಲ, ಮಂಗಳ ಹಾಡುವವರಿಲ್ಲ. ಇಂತಹ ಆಟಗಳನ್ನು ಈಗಿನ ಹುಡುಗರು ಓಪನ್ ವರ್ಲ್ಡ್ ಎಂದು ಕರೆಯುವರು. ಬೇಲಿಯಿಲ್ಲದ ಲೋಕವೆಂದು ನಾವು ಅರ್ಥ ಹೇಳಿಕೊಂಡಿರುವೆವು. ನಾವು ಬಲ್ಲುದು ಅವುಗಳಲ್ಲಿ ಒಂದನ್ನು ಮಾತ್ರ. ಅದರ ಹೆಸರು ಸ್ಕೈರಿಮ್.

ವಾಚಕರಲ್ಲಿ ಅನೇಕರ ಮನೆಯ ಮಕ್ಕಳು ಇದನ್ನು ಬಲ್ಲರಾದರೂ, ಹಿರಿಯರಿಗಾಗಿ ನಾಲ್ಕು ಮಾತು ಹೇಳುವುದು ಯುಕ್ತ. ಅಮೆರಿಕದ ಮೇರಿಲೆಂಡ್ ಸಂಸ್ಥಾನದ ರಾಕ್‌ವಿಲ್ ಎಂಬ ಊರಿನಲ್ಲಿರುವ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು, ಟಾಡ್ ಹೋವರ್ಡ್ ಎಂಬವರ ನಿರ್ದೇಶನದಲ್ಲಿ ಇದನ್ನು ರಚಿಸಿ, ೨೦೧೧ನೆಯ ಇಸವಿ ನವೆಂಬರ್ ೧೧ರಂದು ಹೊರಗೆ ತಂದರು. ೧೯೯೪ರಲ್ಲಿ ಮೊದಲಾದ ‘ಎಲ್ಡರ್ ಸ್ಕ್ರೋಲ್ಸ್’ ಎಂಬ ಮಾಲಿಕೆಯಲ್ಲಿ ಇದು ಐದನೆಯದು. ಟಾಮ್ರಿಯಲ್ ಎಂಬ ಕಲ್ಪಿತ ಖಂಡದ ಉತ್ತರ ಭಾಗದಲ್ಲಿ ಹಿಮವೇ ತುಂಬಿದ ಒಂದು ನಾಡು. ಅದರಲ್ಲಿ ಒಂಬತ್ತು ಸೀಮೆಗಳು. ಆಕಾಶದಲ್ಲಿ ಎರಡು ಚಂದ್ರಬಿಂಬಗಳು. ಆಟಗಾರನು ಮೊದಲು ಕಣ್ಣು ತೆರೆಯುವುದು ಕೈಕಟ್ಟಿದ ಸೆರೆಯಾಳಾಗಿ, ವಧ್ಯಸ್ಥಾನಕ್ಕೆ ಹೋಗುತ್ತಿರುವ ಗಾಡಿಯಲ್ಲಿ. ಕತ್ತಿನ ಮೇಲೆ ಕೊಡಲಿ ಬೀಳುವ ಸಮಯಕ್ಕೆ ಸರಿಯಾಗಿ ಆಲ್ಡುಯಿನ್ ಎಂಬ ಕರಿಯ ಮಹಾಸರ್ಪವು ರೆಕ್ಕೆ ಬಡಿದು ಬಂದು ಊರನ್ನು ಸುಡುವುದು. ಆ ಗಲಭೆಯಲ್ಲಿ ಇವನು ತಪ್ಪಿಸಿಕೊಳ್ಳುವನು. ಸರ್ಪಗಳನ್ನು ಕೊಂದು ಅವುಗಳ ಆತ್ಮತೇಜಸ್ಸನ್ನು ಹೀರಬಲ್ಲ ಶಕ್ತಿಯು ಇವನಿಗೆ ಹುಟ್ಟಿನಿಂದಲೇ ಬಂದಿರುವುದು. ಕಟ್ಟಕಡೆಗೆ ಇವನು ವೀರಸ್ವರ್ಗದವರೆಗೂ ಬೆನ್ನಟ್ಟಿ ಹೋಗಿ ಲೋಕಭಕ್ಷಕನಾದ ಆಲ್ಡುಯಿನನನ್ನು ಸಂಹರಿಸುವನು. ಫಲಾಗಮವಾಯಿತು. ಸರಿ, ಮುಂದೆ? ಇವನು ಮತ್ತೆ ಆ ನಾಡಿನ ಅತ್ಯುನ್ನತ ಶಿಖರದ ಮೇಲೆ ಬಂದು ನಿಲ್ಲುವನು. ಸುತ್ತಲೂ ಸರ್ಪಗಳು ನೆರೆದು ಕೂಗುವುವು. ಅವುಗಳಲ್ಲಿ ವೃದ್ಧವಾದುದೊಂದು ಎರಡು ಮಾತನಾಡಿ ಹಾರಿಹೋಗುವುದು. ಹಿಮ ಬೀಳುತ್ತಿರುವುದು. ಇವನೊಬ್ಬನೇ ಇರುವನು.

ಬೆಟ್ಟದಿಂದ ಇಳಿದು ಪೇಟೆಗೆ ಬಂದರೆ ಆರತಿಯೆತ್ತುವವರು ಯಾರೂ ಇಲ್ಲ. ಕಮ್ಮಾರನು ಕಬ್ಬಿಣ ಬಡಿಯುತ್ತಿರುವನು, ತರಕಾರಿಯವಳು ಕೋಸಿನ ಬೆಲೆ ಹೇಳುತ್ತಿರುವಳು, ಕಾವಲಿನವನು ಎಂದಿನ ಮಾತನ್ನೇ ಆಡುವನು. ಇದನ್ನು ಕೆಲವರು ಆಟದ ಕುಂದೆಂದು ಹೇಳುವರಂತೆ. ನಮಗೆ ಹಾಗೆ ತೋರಲಿಲ್ಲ. ೨೦೨೪ನೆಯ ಏಪ್ರಿಲ್ ಕೊನೆಯ ದಿನ ನಮ್ಮ ಕೊರಳಿಗೆ ಹಾರವೂ ಮೈಗೆ ಶಾಲೂ ಕೈಗೆ ಫಲತಾಂಬೂಲವೂ ದೊರೆತುವು, ಭಾಷಣಗಳೂ ಆದುವು. ಜೂನ್ ತಿಂಗಳಲ್ಲಿ ಶಾಲೆಯು ಪುನಃ ತೆರೆದ ದಿನ ನಾವು ಒಂಬತ್ತು ಗಂಟೆಗೆ ಸರಿಯಾಗಿ ಪಂಚೆಯುಟ್ಟು, ಕೊಡೆ ಹಿಡಿದು, ನಡುಬಾಗಿಲಿನವರೆಗೆ ಹೋಗಿ ನಿಂತೆವು. ಬೀದಿಯಲ್ಲಿ ಮಕ್ಕಳು ಚೀಲ ಹೊತ್ತು ಹೋಗುತ್ತಿದ್ದರು. ಅವರಲ್ಲಿ ಇಬ್ಬರು ನಮಸ್ಕಾರ ಮಾಡಿದರು, ಉಳಿದವರು ಮಾಡಲಿಲ್ಲ. ಮನೆಯಾಕೆ ಒಳಗಿನಿಂದ, “ಕೊಡೆ ಹಿಡಿದಿದ್ದೀರಲ್ಲ, ಹಾಗೆಯೇ ಹೋಗಿ ಕರಿಬೇವು ತನ್ನಿ” ಎಂದಳು. ತಂದೆವು.

ನಮ್ಮ ಕಿರಿಯ ಮಗನು ಇಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಐದು ವರ್ಷ ಕೆಲಸದಲ್ಲಿದ್ದವನು. ೨೦೨೫ನೆಯ ಫೆಬ್ರವರಿಯಲ್ಲಿ, ಅವನೊಡನೆ ಇನ್ನೂ ಅನೇಕರಿಗೆ, ನಾಳೆಯಿಂದ ಬರಬೇಕಾದುದಿಲ್ಲವೆಂದು ಒಂದೇ ಒಂದು ಓಲೆಯಲ್ಲಿ ತಿಳಿಸಿದರಂತೆ. ಎರಡು ಪೆಟ್ಟಿಗೆಗಳನ್ನೂ ಒಂದು ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಊರಿಗೆ ಬಂದನು. ಹೀಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲದ ಗಂಡಸರು ಇಬ್ಬರಾದೆವು. ಅವರಲ್ಲಿ ಒಬ್ಬನನ್ನು ಲೋಕವು ನಿವೃತ್ತನೆಂದು ಗೌರವಿಸುತ್ತಿತ್ತು. ಇನ್ನೊಬ್ಬನನ್ನು ಕುರಿತು ಬಂಧುಗಳು ತಗ್ಗಿದ ದನಿಯಲ್ಲಿ ವಿಚಾರಿಸುತ್ತಿದ್ದರು. ಬೆಳಗಿನ ಹೊತ್ತು ಅವನು ಅಲ್ಲಲ್ಲಿಗೆ ಅರ್ಜಿಗಳನ್ನು ಹಾಕುತ್ತಿದ್ದನು. ಮೊದಲ ತಿಂಗಳು ಸ್ನೇಹಿತರ ದೂರವಾಣಿ ಬರುತ್ತಿತ್ತು. ಆಮೇಲೆ ಗಂಟೆ ಬಾರಿಸಿದರೂ ಎತ್ತದಾದನು. ಊಟಕ್ಕೆ ಕರೆದರೆ ಬರುವನು, ಬಡಿಸಿದುದನ್ನು ಉಣ್ಣುವನು, ಎದ್ದು ಹೋಗುವನು. ರಾತ್ರಿ ಒಂದೊಂದು ಹೊತ್ತಿನಲ್ಲಿ ನಮಗೆ ಎಚ್ಚರವಾದರೆ, ಅವನ ಕೊಠಡಿಯಿಂದ ಗಟ್ಟಿ ಹಿಮದ ಮೇಲೆ ಯಾರೋ ನಡೆದುಹೋಗುವ ಹೆಜ್ಜೆಯ ಸಪ್ಪಳ ಕೇಳಿಬರುತ್ತಿತ್ತು. ಬೇಸಗೆಯ ಸೆಕೆಯಲ್ಲಿ ಮಲಗಿ ಆ ಸಪ್ಪಳವನ್ನು ಕೇಳುವುದು ವಿಚಿತ್ರವಾದ ಅನುಭವ. ಮನೆಯಾಕೆಯೂ ಎಚ್ಚತ್ತಿರುತ್ತಿದ್ದಳು. ಇಬ್ಬರೂ ಮಾತನಾಡುತ್ತಿರಲಿಲ್ಲ.

ಒಂದು ರಾತ್ರಿ ನಾವು ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತೆವು. ಅವನು ಯಂತ್ರವನ್ನು ಮುಚ್ಚಹೋದನು; ಬೇಡವೆಂದೆವು. ಕಥೆಯು ಎಲ್ಲಿಯವರೆಗೆ ಬಂದಿರುವುದೆಂದು ಕೇಳಲು, “ಕಥೆ ಮುಗಿದು ಎಂಟು ವರ್ಷವಾಯಿತಪ್ಪ. ಕಾಲೇಜಿನಲ್ಲಿದ್ದಾಗಲೇ ಮುಗಿಸಿದ್ದೆ” ಎಂದನು.

“ಹಾಗಾದರೆ ಈಗ ಎಲ್ಲಿಗೆ ಹೊರಟಿದ್ದೀಯೆ?”

“ಬೆಟ್ಟದ ಮೇಲೆ ಸನ್ಯಾಸಿಗಳಿದ್ದಾರೆ. ಅವರಿಗೆ ಬುತ್ತಿ ತಲುಪಿಸಬೇಕು.”

ಆ ಬುತ್ತಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಶಿಖರಕ್ಕೆ ಹೋಗುವ ದಾರಿಯ ಬುಡದಲ್ಲಿ ಐವರ್‌ಸ್ಟೆಡ್ ಎಂಬ ಹಳ್ಳಿ. ಅಲ್ಲಿಂದ ಮೇಲಕ್ಕೆ ಏಳು ಸಾವಿರ ಮೆಟ್ಟಿಲುಗಳೆಂದು ಪ್ರತೀತಿ. ಎಣಿಸಿದರೆ ಅಷ್ಟಿಲ್ಲ, ಆದರೆ ಸ್ಥಳಪುರಾಣದ ಸಂಖ್ಯೆಯನ್ನು ಎಣಿಸಿ ನೋಡತಕ್ಕದ್ದಲ್ಲ. ಮೇಲೆ ಹೈ ಹ್ರೋತ್‌ಗಾರ್ ಎಂಬ ಕಲ್ಲಿನ ಮಠದಲ್ಲಿ ಕೆಲವರು ಮೌನಿಗಳಿರುವರು. ಅವರಿಗೆ ಆಹಾರವನ್ನು ಹೊತ್ತು ಹಾಕುವವನು ಕ್ಲಿಮ್ಮೆಕ್ ಎಂಬ ಹಳ್ಳಿಗ. ಅವನಿಗೆ ವಯಸ್ಸಾಗಿ ಮೆಟ್ಟಿಲು ಹತ್ತುವುದು ಕಷ್ಟವಾಗಿರುವುದು. ಮೇಲೆ ಹೋಗುವವರು ಯಾರಾದರೂ ಆ ಗಂಟನ್ನು ತೆಗೆದುಕೊಂಡು ಹೋಗಿ ಮಠದ ಮುಂದಿನ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕೆಂದು ಕೇಳುವನು. ಗಂಟಿನಲ್ಲಿರುವುದು ಹೆಚ್ಚಾಗಿ ಒಣಮೀನು ಮತ್ತು ಉಪ್ಪಿನಲ್ಲಿಟ್ಟ ಮಾಂಸ. ಸನ್ಯಾಸಿಗಳು ಇದನ್ನು ತಿನ್ನಬಹುದೇ ಎಂದು ನಾವು ಕೇಳಿದೆವು. “ಹಿಮದಲ್ಲಿ ಬದನೆಕಾಯಿ ಬೆಳೆಯುತ್ತದೆಯೇ ಅಪ್ಪ?” ಎಂದನು. ಅನೇಕ ವಾರಗಳ ಮೇಲೆ ಅವನು ಆಡಿದ ಮೊದಲನೆಯ ತುಂಟಮಾತು ಅದು.

ಲೋಕವನ್ನೇ ಉಳಿಸಿದ ವೀರನು ಎಂಟು ವರ್ಷಗಳ ಮೇಲೆ ಒಬ್ಬ ಮುದುಕನ ಬುತ್ತಿಯನ್ನು ಹೊರುವುದರಲ್ಲಿ ಔಚಿತ್ಯವುಂಟೇ ಎಂದರೆ, ಸಾಹಿತ್ಯಶಾಸ್ತ್ರದಲ್ಲಿ ನಾವು ಇದಕ್ಕೆ ಪ್ರಮಾಣವನ್ನು ಕಾಣೆವು. ಆದರೆ ಆ ಪ್ರಯಾಣವನ್ನು ಅವನು ಮಾಡಿದ ರೀತಿ ನಮಗೆ ಹಿಡಿಸಿತು. ಈ ಆಟದಲ್ಲಿ ಒಮ್ಮೆ ಹೋದ ಸ್ಥಳಕ್ಕೆ ಭೂಪಟದ ಮೇಲೆ ಬೆರಳಿಟ್ಟ ಮಾತ್ರದಿಂದ ಪುನಃ ಹೋಗಬಹುದು. ಮಾಡಬೇಕಾದ ಕೆಲಸಗಳ ಪಟ್ಟಿಯುಂಟು. ಯಾವ ಕೆಲಸವನ್ನು ಆರಿಸಿಕೊಂಡರೆ ಅದರ ದಿಕ್ಕಿಗೆ ಒಂದು ಗುರುತು ತೋರುವುದು. ಕಥೆ ಮುಗಿಯುವವರೆಗೆ ಈ ಸೌಕರ್ಯಗಳೆಲ್ಲ ಸರಿ. ಮುಗಿದ ಮೇಲೆ ಅವನು ಗುರುತನ್ನು ತೆಗೆದುಹಾಕಿ, ಹಾರುವುದನ್ನು ಬಿಟ್ಟು, ಕಾಲುನಡಿಗೆಯಲ್ಲಿಯೇ ತಿರುಗುತ್ತಿದ್ದನು. ನಾವು ರಾತ್ರಿ ಕೇಳುತ್ತಿದ್ದ ಹೆಜ್ಜೆಗಳು ಅವೇ. ಮೆಟ್ಟಿಲ ದಾರಿಯಲ್ಲಿ ಯಾತ್ರಿಕರಿಗಾಗಿ ನಿಲ್ಲಿಸಿದ ಹತ್ತು ಶಿಲಾಫಲಕಗಳಿರುವುವು. ಹಿಂದೆ ಕಥೆಯ ಅವಸರದಲ್ಲಿ ಅವನು ಒಂದನ್ನೂ ಓದಿರಲಿಲ್ಲವಂತೆ. ಅಂದು ರಾತ್ರಿ ಹತ್ತನ್ನೂ ಇಬ್ಬರೂ ಕೂಡಿ ಓದಿದೆವು. ಬುತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಇಳಿದು ಬರುವಷ್ಟರಲ್ಲಿ ನಮ್ಮ ಹಿತ್ತಲಿನಲ್ಲಿ ಕಾಗೆ ಕೂಗಿತು.

ಹೀಗಾದರೆ ದೇಹಸ್ಥಿತಿ ಕೆಡುವುದೆಂದು ಮರುದಿನ ಒಂದು ನಿಯಮವನ್ನು ಮಾಡಿದೆವು. ಆ ನಾಡಿನಲ್ಲಿ ಕಾಲವು ನಮ್ಮದರ ಇಪ್ಪತ್ತರಷ್ಟು ವೇಗವಾಗಿ ನಡೆಯುವುದು. ಅಲ್ಲಿಯ ಒಂದು ಅಹೋರಾತ್ರಿಗೆ ನಮ್ಮ ೭೨ ನಿಮಿಷಗಳು. ಸಂಜೆ ದೀಪ ಹಚ್ಚಿದ ಮೇಲೆ ಅಲ್ಲಿಯ ಒಂದು ದಿನ, ಅದಕ್ಕೆ ಹೆಚ್ಚಿಲ್ಲ. ನಾವು ಗಡಿಯಾರ ಹಿಡಿದು ಕುಳಿತುಕೊಳ್ಳುವುದು, ಅವನು ನಡೆಸುವುದು. ಶಾಲೆಯ ಘಂಟೆಯನ್ನು ಬಿಟ್ಟ ಮೇಲೆ ನಮಗೆ ದೊರೆತ ಮೊದಲನೆಯ ವೇಳಾಪಟ್ಟಿ ಇದು. ರಾತ್ರಿಯ ಹೆಜ್ಜೆಗಳು ನಿಂತುವು. ಅವನು ನಿದ್ರಿಸುತ್ತಿದ್ದನೋ ಸುಮ್ಮನೆ ಮಲಗಿರುತ್ತಿದ್ದನೋ ಹೇಳಲಾರೆವು.

ಅಲ್ಲಿ ಮಾಡಲು ಏನೇನಿರುವುದೆಂದು ಕೇಳುವವರುಂಟು. ಎಲ್ಲವನ್ನೂ ಹೇಳುವುದು ಶಕ್ಯವಲ್ಲ, ಎಲ್ಲವೂ ಹೇಳತಕ್ಕವೂ ಅಲ್ಲ. ಕಳ್ಳರ ಸಂಘವೊಂದುಂಟು, ಕೂಲಿಗೆ ಕೊಲ್ಲುವವರ ಕೂಟವೊಂದುಂಟು. ಅವುಗಳ ಕಥೆಗಳು ರಸವತ್ತಾಗಿರುವುವೆಂದು ಮಗನು ಹೇಳಿದರೂ ನಾವು ಆ ಬಾಗಿಲುಗಳನ್ನು ತೆರೆಯಲೊಪ್ಪಲಿಲ್ಲ. ಆಟದ ಪೆಟ್ಟಿಗೆಯ ಮೇಲೆಯೇ ಇದು ಪ್ರಾಯಸ್ಥರಿಗೆ ಮಾತ್ರವೆಂದು ಅಚ್ಚಾಗಿರುವುದು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಅದನ್ನು ಗಮನಿಸುವುದು ಒಳ್ಳೆಯದು. ಮತ್ತೊಂದು ಬಗೆಯ ಕೆಲಸವು ಎಂದಿಗೂ ಮುಗಿಯದಂತೆ ಯಂತ್ರವು ತಾನಾಗಿಯೇ ಹುಟ್ಟಿಸುತ್ತಿರುವುದು: ಇಂತಹ ಗುಹೆಗೆ ಹೋಗು, ಇಂತಹ ದರೋಡೆಕಾರನನ್ನು ಕೊಲ್ಲು, ಬಂದು ಹಣ ತೆಗೆದುಕೋ, ಮತ್ತೆ ಬೇರೊಂದು ಗುಹೆ, ಬೇರೊಬ್ಬ ದರೋಡೆಕಾರ. ಇದು ಶುದ್ಧ ಪಿಷ್ಟಪೇಷಣ. ಬೀಸಿದ ಹಿಟ್ಟನ್ನೇ ಬೀಸುತ್ತ ಕೂತರೆ ಕಲ್ಲು ಸವೆಯುವುದೇ ಹೊರತು ರೊಟ್ಟಿಯಾಗದು. ಕಥೆ ಮುಗಿದ ಮೇಲೆ ಆಟವು ಬೇಸರವೆಂದು ದೂರುವವರು ಬಹುಶಃ ಈ ಬೀಸುವ ಕಲ್ಲಿನ ಮುಂದೆಯೇ ಕೂತವರು.

ಮನೆಯಾಕೆಯು ಈ ಗೋಷ್ಠಿಗೆ ಸೇರಿದುದು ಮೂಲಿಕೆಗಳ ದೆಸೆಯಿಂದ. ಆ ನಾಡಿನ ಹೂವು, ಬೇರು, ಅಣಬೆ, ಚಿಟ್ಟೆಯ ರೆಕ್ಕೆ ಇವುಗಳಲ್ಲಿ ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳಿರುವುವು. ಬಾಯಲ್ಲಿ ಹಾಕಿ ತಿಂದರೆ ಮೊದಲನೆಯ ಗುಣ ತಿಳಿಯುವುದು. ಉಳಿದವು ತಿಳಿಯಬೇಕಾದರೆ ಒಂದರೊಡನೊಂದನ್ನು ಅರೆದು ಪರೀಕ್ಷಿಸಬೇಕು. ಎರಡು ವಸ್ತುಗಳಲ್ಲಿ ಸಮಾನವಾದ ಗುಣವೊಂದಿದ್ದರೆ ಮದ್ದಾಗುವುದು, ಇಲ್ಲದಿದ್ದರೆ ವ್ಯರ್ಥ. ಗೋಧಿಯನ್ನೂ ಬೆಟ್ಟದ ನೀಲಿ ಹೂವನ್ನೂ ಕೂಡಿಸಿದರೆ ಗಾಯ ಮಾಯುವ ಔಷಧ. ರಸ, ಗುಣ, ವೀರ್ಯ, ವಿಪಾಕವೆಂದು ನಾಲ್ಕು ಬಗೆಯಾಗಿ ದ್ರವ್ಯವನ್ನು ವಿಚಾರಿಸಿದ ನಮ್ಮ ವೈದ್ಯಶಾಸ್ತ್ರಕ್ಕೆ ಇದು ಎಣೆಯಲ್ಲ. ಆದರೂ ಪರೀಕ್ಷೆಯ ಕ್ರಮವು ನ್ಯಾಯವಾದುದೆಂದು ಒಪ್ಪಬೇಕು. “ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳಬೇಡ, ಹೆಸರು ಬರೆದಿಟ್ಟುಕೋ” ಎಂದು ಆಕೆ ಬಾಗಿಲಲ್ಲಿ ನಿಂತು ಹೇಳಿದಳು. ಮರುದಿನ ಒಳಗೆ ಬಂದು ಕೂತಳು.

೨೦೧೨ರಲ್ಲಿ ಈ ಆಟಕ್ಕೆ ಸೇರಿಸಿದ ಹಾರ್ತ್‌ಫೈರ್ ಎಂಬ ಪರಿಶಿಷ್ಟದಲ್ಲಿ ಮನೆ ಕಟ್ಟುವ ಅನುಕೂಲವುಂಟು. ಐದು ಸಾವಿರ ಹೊನ್ನಿಗೆ ನಿವೇಶನ. ಮರವನ್ನು ಕೊಯ್ಯಿಸಬೇಕು, ಕಲ್ಲು ತೆಗೆಯಬೇಕು, ಜೇಡಿಮಣ್ಣು ಅಗೆಯಬೇಕು. ಕಬ್ಬಿಣವನ್ನು ಕಾಯಿಸಿ ಮೊಳೆ, ಕೀಲು, ಬೀಗಗಳನ್ನು ತಾನೇ ಮಾಡಬೇಕು. ಮಗನು ಕೆರೆಯ ಮೇಲಣ ದಿನ್ನೆಯಲ್ಲಿ ಒಂದು ನಿವೇಶನವನ್ನು ಕೊಂಡಿದ್ದನು. ಅಡಿಗೆಮನೆಯನ್ನು ಎಲ್ಲಿ ಮಾಡಬೇಕೆಂಬ ವಿಷಯದಲ್ಲಿ ತಾಯಿಗೂ ಮಗನಿಗೂ ಎರಡು ಸಂಜೆ ವಾದವಾಯಿತು. ವಿಂಡ್‌ಹೆಲ್ಮ್ ಎಂಬ ಹಿಮದೂರಿನ ಬೀದಿಯಲ್ಲಿ ಸೋಫಿ ಎಂಬ ತಬ್ಬಲಿ ಹುಡುಗಿಯೊಬ್ಬಳು ಹೂವಿನ ಬುಟ್ಟಿ ಹಿಡಿದು ನಿಂತಿರುವಳು. ವೈಟ್‌ರನ್ ಎಂಬ ಊರಿನಲ್ಲಿ ಲೂಸಿಯಾ ಎಂಬ ಇನ್ನೊಬ್ಬಳು. ತಾಯಿ ಸತ್ತ ಮೇಲೆ ಚಿಕ್ಕಮ್ಮ ಚಿಕ್ಕಪ್ಪಂದಿರು ಹೊಲವನ್ನು ಸೆಳೆದುಕೊಂಡು ಹೊರಗೆ ಹಾಕಿದುದರಿಂದ ಭಿಕ್ಷೆ ಬೇಡುವವಳು. ಮನೆಯುಳ್ಳವನು ಇಂತಹ ಮಕ್ಕಳಿಬ್ಬರನ್ನು ಸಾಕಿಕೊಳ್ಳಬಹುದು. ಆದರೆ ಮಗುವಿಗೆ ಮಂಚವಿಲ್ಲದ ಮನೆಗೆ ಕರೆತರಲು ಆಟವು ಒಪ್ಪುವುದಿಲ್ಲ. “ಮೊದಲು ಮಂಚ ಮಾಡಿಸು, ಮೆತ್ತನ್ನ ಹಾಸಿಗೆ ಹಾಕಿಸು, ಆ ಹೂವಿನ ಹುಡುಗಿಯನ್ನು ಕರೆದುಕೊಂಡು ಬಾ” ಎಂದು ಮನೆಯಾಕೆಯ ಅಪ್ಪಣೆಯಾಯಿತು. ಮಂಚವಾಯಿತು, ಹುಡುಗಿಯರಿಬ್ಬರೂ ಬಂದರು. ಮನೆ ಕಟ್ಟಿ ನೋಡು ಎಂಬುದಾಯಿತು, ಇನ್ನು ಮದುವೆಯ ವಿಚಾರವೇನೆಂದು ಆಕೆ ಕೇಳಿದುದಕ್ಕೆ, ಆಟದಲ್ಲಿ ಮದುವೆಗೂ ದೇವಸ್ಥಾನವುಂಟೆಂದು ಮಗನು ತಪ್ಪಿಸಿಕೊಂಡನು. ಅವಳು ಕೇಳಿದುದು ಆಟದ ಮದುವೆಯಲ್ಲವೆಂಬುದು ಮೂವರಿಗೂ ತಿಳಿದಿತ್ತು.

ಸಾಲಿಟ್ಯೂಡ್ ಎಂಬ ನಗರದ ವಂದಿಮಾಗಧರ ವಿದ್ಯಾಶಾಲೆಯ ಪ್ರಸಂಗದಲ್ಲಿ ಮಾತ್ರ ನಮಗೂ ಮಗನಿಗೂ ನಿಜವಾದ ಭಿನ್ನಾಭಿಪ್ರಾಯ ಬಂದಿತು. ಆ ಶಾಲೆಯ ಮುಖ್ಯಾಧ್ಯಾಪಕನು, ನಿಂತುಹೋದ ಒಂದು ಉತ್ಸವವನ್ನು ಮತ್ತೆ ನಡೆಯಿಸಬೇಕೆಂದು, ಸ್ವಾಕ್ನಿರ್ ಎಂಬ ಪ್ರಾಚೀನ ಕವಿಯ ಲುಪ್ತಕಾವ್ಯವನ್ನು ಗೋರಿಯಿಂದ ತರಿಸುವನು. ತಂದು ನೋಡಿದರೆ ಪ್ರತಿಯು ಶಿಥಿಲ, ಭಾಗಗಳು ನಷ್ಟವಾಗಿರುವುವು. ಆಗ ಆ ಮಹನೀಯನು ಏನು ಮಾಡುವನೆಂದರೆ, ತಾನೂ ಆಟಗಾರನೂ ಕೂತು ಬಿಟ್ಟುಹೋದುದನ್ನು ಕಲ್ಪಿಸಿ ತುಂಬಿ, ಅದನ್ನೇ ರಾಜಸಭೆಯಲ್ಲಿ ಪುರಾತನಕಾವ್ಯವೆಂದು ಓದಿಬಿಡುವನು! ಸಭೆಯು ಮೆಚ್ಚಿ ಉತ್ಸವವು ನಡೆಯುವುದು. ವಿದ್ಯಾರ್ಥಿದಶೆಯಲ್ಲಿ ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ಬರೆದ ಕೈ ನಮ್ಮದು. ಗ್ರಂಥಪಾತವಿದ್ದಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗಬೇಕೇ ಹೊರತು ತನ್ನ ಅಕ್ಷರವನ್ನು ಕವಿಯ ಹೆಸರಿನಲ್ಲಿ ಇಡತಕ್ಕದ್ದಲ್ಲ. ಈ ಒಂದು ಕೆಲಸವನ್ನು ಬಿಟ್ಟುಬಿಡೆಂದು ಹೇಳಿದೆವು. “ಇಲ್ಲದಿದ್ದರೆ ಹಬ್ಬವೇ ಇಲ್ಲವಲ್ಲಪ್ಪ, ಊರಿನವರು ವರ್ಷವೆಲ್ಲ ಕಾದಿದ್ದಾರೆ” ಎಂದನು. ಹಬ್ಬಕ್ಕಾಗಿ ಪ್ರಕ್ಷೇಪ ಮಾಡಬಹುದೇ? ನಮ್ಮ ಪುರಾಣಗಳ ಸ್ಥಳಮಾಹಾತ್ಮ್ಯಗಳಲ್ಲಿ ಹೀಗೆ ಆಗಿರುವುದುಂಟೆಂದು ಅವನು ತೆಗೆದ ಮಾತು ಸುಳ್ಳಲ್ಲ. ವಾದವು ಊಟದ ಎಲೆಯವರೆಗೂ ಬಂದಿತು. ಗಟ್ಟಿಯಾಗಿ, ಎದುರುತ್ತರ ಕೊಟ್ಟು, ಕೈ ತೊಳೆಯುವುದನ್ನೂ ಮರೆತು ಅವನು ವಾದಿಸಿದನು. ಮನೆಯಾಕೆ ಹುಳಿ ಬಡಿಸುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದಳು. ನಮ್ಮ ಪಕ್ಷವನ್ನು ನಾವು ಈಗಲೂ ಬಿಟ್ಟಿಲ್ಲ.

ವಿಂಟರ್‌ಹೋಲ್ಡ್ ಎಂಬಲ್ಲಿಯ ಗ್ರಂಥಾಲಯವನ್ನು ಹೊಗಳಲೇಬೇಕು. ಊರಿನ ಬಹುಭಾಗವು ಸಮುದ್ರಕ್ಕೆ ಕುಸಿದುಬಿದ್ದು ವಿದ್ಯಾಪೀಠವೊಂದು ಉಳಿದಿರುವುದು. ಗ್ರಂಥಪಾಲಕನು ಕೋರೆಹಲ್ಲಿನ ರಾಕ್ಷಸಜಾತಿಯವನು, ಪುಸ್ತಕಕ್ಕೆ ಹಾನಿ ಮಾಡಿದವನನ್ನು ಸುಮ್ಮನೆ ಬಿಡುವವನಲ್ಲ. ಇಂತಹವನೊಬ್ಬನು ನಮ್ಮ ಶಾಲೆಯಲ್ಲಿದ್ದಿದ್ದರೆ ಅರ್ಧ ಬೀರುವಾದರೂ ಉಳಿಯುತ್ತಿತ್ತು.

ಇನ್ನು ಪಾರ್ಥರ್ನಾಕ್ಸನ ವಿಚಾರ. ಶಿಖರದ ಮೇಲಿರುವ ವೃದ್ಧಸರ್ಪವು ಇದೇ. ಪೂರ್ವದಲ್ಲಿ ಆಲ್ಡುಯಿನನ ಬಲಗೈಯಾಗಿದ್ದು ಮನುಷ್ಯರನ್ನು ಪೀಡಿಸಿದವನು. ಆಮೇಲೆ ಮನುಷ್ಯರ ಪಕ್ಷಕ್ಕೆ ಬಂದು, ಹುಟ್ಟುಗುಣವನ್ನು ಧ್ಯಾನದಿಂದ ಅಡಗಿಸಿಕೊಂಡು, ಆ ಮೌನಿಗಳಿಗೆ ಗುರುವಾಗಿರುವವನು. ವಿಭೀಷಣನ ನೆನಪಾಗುವುದು, ಆದರೆ ವಿಭೀಷಣನ ಕೈ ಮೊದಲೂ ಶುದ್ಧವೇ. ಸರ್ಪದ್ವೇಷಿಗಳಾದ ಬ್ಲೇಡ್ಸ್ ಎಂಬ ಯೋಧರು, ಅವನ ಹಳೆಯ ಪಾಪಕ್ಕಾಗಿ ಅವನನ್ನು ಕೊಂದು ಬಾ ಎಂದು ಆಟಗಾರನಿಗೆ ವಿಧಿಸುವರು. ಕೊಲ್ಲುವವರೆಗೆ ತಮ್ಮ ಸಹಾಯವಿಲ್ಲವೆನ್ನುವರು. ಕೊಲ್ಲುವುದಿಲ್ಲವೆಂದು ಹೇಳಿ ಈ ಕೆಲಸವನ್ನು ಪೂರೈಸುವ ದಾರಿಯನ್ನು ರಚಿಸಿದವರು ಇಟ್ಟಿಲ್ಲ. ಕೊಲ್ಲದವನ ಪಟ್ಟಿಯಲ್ಲಿ ಅದು ಎಂದೆಂದಿಗೂ ಅಪೂರ್ಣವಾಗಿಯೇ ನಿಂತಿರುವುದು. ಮಗನ ಪಟ್ಟಿಯಲ್ಲಿ ಅದು ಎಂಟು ವರ್ಷಗಳಿಂದ ನಿಂತಿತ್ತು. ಅವನು ಎಲ್ಲವನ್ನೂ ಮುಗಿಸಿ ಗೀಟು ಹಾಕುವ ಸ್ವಭಾವದವನು, ಚಿಕ್ಕಂದಿನಿಂದಲೂ ಹಾಗೆಯೇ. ಇದೊಂದನ್ನು ಏಕೆ ಬಿಟ್ಟೆಯೆಂದು ಕೇಳಿದೆವು.

ಅವನು ಪರದೆಯನ್ನೇ ನೋಡುತ್ತ, “ಅವನು ಮೇಷ್ಟ್ರು ಅಪ್ಪ” ಎಂದನು.

ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ನಾವು ಕನ್ನಡಕವನ್ನು ಒರಸಿಕೊಂಡೆವು. ಅವನು ಹಿಮದಲ್ಲಿ ಕೂತಿದ್ದ ಆ ಮುದಿಸರ್ಪದ ಪಕ್ಕದಲ್ಲಿಯೇ ತನ್ನ ವೀರನನ್ನು ನಿಲ್ಲಿಸಿಕೊಂಡು ಹತ್ತು ನಿಮಿಷವನ್ನೂ ಕಳೆದನು. ಆ ರಾತ್ರಿಯೇ, ದೀಪವಾರಿಸುವ ಮೊದಲು, ಬೆಂಗಳೂರಿನಲ್ಲಿ ಆ ಕೊನೆಯ ದಿನ ಏನಾಯಿತೆಂಬುದನ್ನು ನಮಗೆ ಮೊದಲ ಸಾರಿ ಕ್ರಮವಾಗಿ ಹೇಳಿದನು. ಅದನ್ನು ಇಲ್ಲಿ ಬರೆಯತಕ್ಕದ್ದಲ್ಲ.

ವಯಸ್ಸಾದವರಿಗೆ ಇದೆಲ್ಲ ಏಕೆಂಬ ಪ್ರಶ್ನೆಯನ್ನು ಊರಿನ ಮಿತ್ರರು ಕೇಳದೆ ಬಿಡಲಿಲ್ಲ. ಅಮೆರಿಕದಲ್ಲಿ ಶರ್ಲಿ ಕರಿ ಎಂಬ ವೃದ್ಧೆಯೊಬ್ಬರಿರುವರು, ೧೯೩೬ರಲ್ಲಿ ಹುಟ್ಟಿದವರು. ೨೦೧೫ರಿಂದ ತಾವು ಸ್ಕೈರಿಮ್ ಆಡುವುದನ್ನು ಚಿತ್ರಿಸಿ ಯೂಟ್ಯೂಬಿನಲ್ಲಿ ತೋರಿಸುತ್ತ, ನೋಡುವವರನ್ನೆಲ್ಲ ಮೊಮ್ಮಕ್ಕಳೆಂದೇ ಕರೆದು ಲಕ್ಷಾಂತರ ಜನರಿಗೆ ಅಜ್ಜಿಯಾದರು. ಮಾಲಿಕೆಯ ಮುಂದಿನ ಆಟದಲ್ಲಿ ಆಕೆಯ ಹೆಸರಿನ ಪಾತ್ರವೊಂದನ್ನು ಇಡುವುದಾಗಿ ೨೦೧೯ರಲ್ಲಿ ಬೆಥೆಸ್ಡಾದವರು ಪ್ರಕಟಿಸಿದರು. ಆಕೆಯ ಮುಂದೆ ನಾವು ಬಾಲಕರು.

ನಮಗೆ ಈ ಆಟದಲ್ಲಿ ನಮ್ಮದೇ ಆದ ಉದ್ಯೋಗವು ದೊರೆತುದು ಜೂನ್ ತಿಂಗಳಲ್ಲಿ. ಆ ನಾಡಿನ ಬೆಟ್ಟಗಳಲ್ಲಿಯೂ ಗೋರಿಗಳಲ್ಲಿಯೂ ದೊಡ್ಡ ದೊಡ್ಡ ಅರ್ಧಚಂದ್ರಾಕಾರದ ಕಲ್ಲುಗೋಡೆಗಳಿರುವುವು. ಅವುಗಳ ಮೇಲೆ ಉಗುರಿನಿಂದ ಗೀರಿದಂತಹ ಲಿಪಿ. ಆಟಗಾರನು ಹತ್ತಿರ ಹೋದರೆ ಒಂದು ಪದವು ಹೊಳೆದು ಅವನಿಗೆ ಸಿದ್ಧಿಸುವುದು. ಮೂರು ಮೂರು ಪದಗಳು 

ಕೂಡಿ ಒಂದು ಮಂತ್ರ. ಸರ್ಪಗಳ ಹೆಸರುಗಳೂ ಹೀಗೆಯೇ ಮೂರು ಪದಗಳ ಸಮಾಸಗಳು: ಆಲ್ ಎಂದರೆ ನಾಶಕ, ದು ಎಂದರೆ ನುಂಗುವಿಕೆ, ಇನ್ ಎಂದರೆ ಒಡೆಯ. ವಿಗ್ರಹವಾಕ್ಯ ಹೇಳಿ ಮೂವತ್ತು ವರ್ಷ ಕಳೆದ ನಮಗೆ ಇಷ್ಟು ಸಾಕಾಯಿತು. ಹೊಳೆಯುವ ಆ ಒಂದು ಪದವನ್ನು ಬಿಟ್ಟು ಉಳಿದುದು ಬರಿಯ ಅಲಂಕಾರವೆಂದು ಹೆಚ್ಚು ಜನ ತಿಳಿದು ಮುಂದೆ ಹೋಗುವರು. ಅಲ್ಲ. ಅದು ಅಕ್ಷರಮಾಲೆಯುಳ್ಳ ನಿಜವಾದ ಲಿಪಿ. ಬರೆದಿರುವುದು ಅರ್ಥವುಳ್ಳ ವಾಕ್ಯಗಳು. ಮಗನು ಅಕ್ಷರಗಳ ಪಟ್ಟಿಯನ್ನೂ ಒಂದು ಚಿಕ್ಕ ಪದಕೋಶವನ್ನೂ ಅಚ್ಚುಹಾಕಿಸಿ ತಂದುಕೊಟ್ಟನು. ನಾವು ನೂರು ಪುಟದ ಒಂದು ನೋಟುಪುಸ್ತಕವನ್ನು ಕೊಂಡು, ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಪದವಿಭಾಗ ಮತ್ತು ಅರ್ಥ, ಹೀಗೆ ಆರಂಭಿಸಿದೆವು.

ಓದಿದಂತೆಲ್ಲ ತಿಳಿದುಬಂದುದೇನೆಂದರೆ, ಆ ಗೋಡೆಗಳಲ್ಲಿ ಬಹಳ ಮಟ್ಟಿಗೆ ವೀರಗಲ್ಲುಗಳೇ. ಇಂತಹವನು ಇಂತಹವನ ಸ್ಮರಣಾರ್ಥವಾಗಿ ಈ ಶಿಲೆಯನ್ನು ನಿಲ್ಲಿಸಿದನು, ಇಲ್ಲಿ ಇಂತಹವನು ಬಿದ್ದನು, ಎಂಬ ಧಾಟಿ. ‘ಕೆತ್‌ಸೆಗೋಲ್’ ಎಂದರೆ ಶಿಲೆ, ‘ವಾರುಕ್ತ್’ ಎಂದರೆ ಸ್ಮರಣೆ. ಈ ಎರಡನೆಯದರಲ್ಲಿ ನಮ್ಮ ಕಿವಿಗೆ ‘ಉಕ್ತ’ ಕೇಳಿಸುವುದು ಕೇವಲ ಕಾಕತಾಳೀಯ. ನಮ್ಮ ನಾಡಿನ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ, ತುರು ಕಾಯಲು ಹೋಗಿ ಸತ್ತವನ ಕಲ್ಲನ್ನು ನೋಡಿದವರಿಗೆ ಈ ಧಾಟಿಯು ಹೊಸತಲ್ಲ. ಹುಡುಗರು ಮಂತ್ರದ ಆಸೆಯಿಂದ ಗೋಡೆಯವರೆಗೆ ಓಡಿ, ಪದವನ್ನು ತೆಗೆದುಕೊಂಡು, ಯಾರು ಸತ್ತರೆಂಬುದನ್ನು ನೋಡದೆಯೇ ಹಿಂದಿರುಗುವರು. ಕಥೆ ನಡೆಯುತ್ತಿರುವಾಗ ಅದು ಸಹಜವೇ. ಬೆನ್ನ ಹಿಂದೆ ಸರ್ಪವಿರುವಾಗ ಶಾಸನವನ್ನು ಓದುತ್ತ ನಿಲ್ಲುವವರಾರು?

ಜುಲೈ ತಿಂಗಳಲ್ಲಿ ಮಗನಿಗೆ ಪುಣೆಯಲ್ಲಿ ಕೆಲಸವಾಯಿತು. ಸಂಬಳವು ಹಿಂದಿನದಕ್ಕಿಂತ ಕಡಿಮೆ. ಅವನು ಒಪ್ಪಿಕೊಂಡನು, ನಾವೂ ಒಪ್ಪಿದೆವು. ಹೊರಡುವ ಮುನ್ನ ಹಳೆಯ ಲ್ಯಾಪ್‌ಟಾಪನ್ನು ನಮ್ಮ ಮೇಜಿನ ಮೇಲಿಟ್ಟು, ಯಾವ ಗುಂಡಿಯಿಂದ ನಡೆಯುವುದು, ಯಾವುದರಿಂದ ನಿಲ್ಲುವುದು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದನು. ಅವನ ವೀರನನ್ನು ನಮಗೆ ಒಪ್ಪಿಸಿ, ಪಟ್ಟಿಯಲ್ಲಿರುವ ಆ ಒಂದು ಕೆಲಸವನ್ನು ಮಾತ್ರ ಮುಟ್ಟಬಾರದೆಂದು ಮಾತು ತೆಗೆದುಕೊಂಡನು. ಕೈ ನಿಧಾನವಾದುದರಿಂದ ನಮ್ಮ ಆಡಳಿತದಲ್ಲಿ ವೀರನು ಎರಡು ಸಾರಿ ಬಂಡೆಯಿಂದ ಬಿದ್ದು ಸತ್ತು, ಯಂತ್ರದ ಕೃಪೆಯಿಂದ ಬದುಕಿರುವನು. ಮನೆಯಾಕೆಗೆ ಮೂಲಿಕೆಗಳ ಲೆಕ್ಕ. ಬ್ಲ್ಯಾಕ್‌ರೀಚ್ ಎಂಬ ಪಾತಾಳದಲ್ಲಿ, ದೀಪದಂತೆ ಬೆಳಗುವ ಮರದೆತ್ತರದ ಅಣಬೆಗಳ ನಡುವೆ, ಗುಂಯ್ಗುಟ್ಟುತ್ತ ಬೆಳೆಯುವ ಕೆಂಪು ನಿರ್ನ್‌ರೂಟ್ ಎಂಬ ಬೇರುಗಳನ್ನು ಮೂವತ್ತು ಕೂಡಿಸಿ ಒಬ್ಬಳು ರೈತಳಿಗೆ ಕೊಡಬೇಕಾಗಿರುವುದು. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಕೇಳುವುದು. ಆಕೆಯ ಕಿವಿ ನಮ್ಮದಕ್ಕಿಂತ ಚುರುಕು. ಹನ್ನೊಂದು ದೊರೆತಿರುವುವು.

ಆದಿತ್ಯವಾರ ಸಂಜೆ ಪುಣೆಯಿಂದ ಮಗನ ಕರೆ ಬರುವುದು. ಮೊದಲು ತಾಯಿಯೊಡನೆ ಊಟತಿಂಡಿಯ ಮಾತು, ಆಮೇಲೆ ನಮ್ಮೊಡನೆ. ಅವನೂ ಅಲ್ಲಿ ಹೊಸದಾಗಿ ಆಡಲು ಹಿಡಿದಿರುವನು; ಈ ಸಾರಿ ಕಥೆಯ ಕಡೆಗೆ ಹೋಗದೆ, ಗಾಡಿಯಿಂದಿಳಿದವನೇ ಅಡವಿಗೆ ನುಗ್ಗಿರುವನಂತೆ. ಎಲ್ಲಿಯಾದರೂ ಗೋಡೆ ಸಿಕ್ಕಿದರೆ ಚಿತ್ರ ತೆಗೆದು ಕಳುಹಿಸುವನು. ಕಳೆದ ವಾರ ಬಂದುದರಲ್ಲಿ ಮಂಜು ಕವಿದು ಎರಡನೆಯ ಸಾಲಿನ ಮೂರು ಅಕ್ಷರಗಳು ಕಾಣುತ್ತಿಲ್ಲ. ನೋಟುಪುಸ್ತಕದಲ್ಲಿ ಅಲ್ಲಿ ಚುಕ್ಕೆಗಳನ್ನಿಟ್ಟು, ಹಗಲು ಹೊತ್ತಿನಲ್ಲಿ ಮತ್ತೊಮ್ಮೆ ಹೋಗಿ ನೋಡಿ ಬರೆಯೆಂದು ಹೇಳಿರುವೆವು.